ಹಿಂದಿನ ಗೋಡೆಯ ತೂತು

ನಮ್ಮ ಗ್ಯಾರೇಜಿನ ನೆಲದ ಮೇಲೆ ಊಟ ಬಡಿಸಿಕೊಂಡು ತಿನ್ನಬಹುದು ಎಂದು ಯಜಮಾನರು ಬಂದವರಿಗೆಲ್ಲ ಹೇಳುತ್ತಾರೆ. ನಿಜ, ತಿನ್ನಬಹುದು. ಆ ನೆಲ ತೊಳೆಯುವವಳು ನಾನು. ನಾನು ಊಟ ಮಾಡುವುದು ಮಾತ್ರ ಕಕ್ಕಸಿನ ಪಕ್ಕದ ಸಂದಿಯಲ್ಲಿ, ನಿಂತುಕೊಂಡು, ಚಮಚದಲ್ಲಿ. ಕೈಯಲ್ಲಿ ತಿಂದರೆ ತುತ್ತಿನ ಜೊತೆ ಸೀಮೆಎಣ್ಣೆಯೂ ಹೊಟ್ಟೆಗೆ ಹೋಗುತ್ತದೆ. ಆಮೇಲೆ ಸಂಜೆಯವರೆಗೂ ಅದೇ ತೇಗು.

ನೆಲ ಅಷ್ಟು ಬೆಳ್ಳಗೆ ಹೇಗಿರುತ್ತದೆ ಎಂದು ಯಾರೂ ಕೇಳಿದವರಿಲ್ಲ. ನಾನೇ ಹೇಳುತ್ತೇನೆ.

ಬೆಳಿಗ್ಗೆಯಿಂದ ಗಾಡಿಗಳು ಬಂದು ನಿಲ್ಲುತ್ತವೆ. ಹೊಟ್ಟೆ ಬಿಚ್ಚಿಸಿಕೊಂಡು ನಿಲ್ಲುತ್ತವೆ. ಎಂಜಿನ್ನಿನ ಕರೀ ಎಣ್ಣೆ, ಗೇರಿನ ದಪ್ಪ ಎಣ್ಣೆ, ಬ್ರೇಕಿನ ಎಣ್ಣೆ, ರೇಡಿಯೇಟರಿನ ಹಸಿರು ನೀರು, ಎಲ್ಲ ನೆಲಕ್ಕೆ ಸುರಿಯುತ್ತವೆ. ಸುರಿಯದಂತೆ ಹಿಡಿಯುವುದಕ್ಕೆ ಮೆಕ್ಯಾನಿಕ್ಕುಗಳಿಗೆ ಪುರುಸೊತ್ತಿಲ್ಲ. "ಬೀಳ್ಲಿ ಬಿಡೋ, ಅಕ್ಕ ತೊಳೀತಾಳೆ" ಅನ್ನುತ್ತಾರೆ. ಅದರ ಮೇಲೆ ಸಿಗರೇಟಿನ ತುಂಡು ಬೀಳುತ್ತದೆ, ಚಹದ ಲೋಟದ ತಳದ ಗಸಿ ಬೀಳುತ್ತದೆ, ಉಗುಳು ಬೀಳುತ್ತದೆ. ಬ್ರೇಕಿನ ಧೂಳು ಕೂತು ಎಲ್ಲ ಸೇರಿ ನೆಗಡಿಯ ಸಿಂಬಳದ ಹಾಗೆ ಆಗುತ್ತದೆ. ಕಪ್ಪು ಸಿಂಬಳ. ನಾನು ಮಂಡಿಯೂರಿ ಕೂತು ಅದರ ಮೇಲೆ ಸೀಮೆಎಣ್ಣೆ ಸುರಿದು ಉಜ್ಜುತ್ತೇನೆ. ಸೋಪಿನ ಪುಡಿ ಹಾಕಿ ಮತ್ತೆ ಉಜ್ಜುತ್ತೇನೆ. ಆಮೇಲೆ ಪೈಪು ಬಿಡುತ್ತೇನೆ. ಎಲ್ಲವನ್ನೂ ಹಿಂದಿನ ಗೋಡೆಯ ಕಡೆಗೆ ನೂಕುತ್ತೇನೆ. ನೆಲದ ಇಳಿಜಾರೂ ಆ ಕಡೆಗೇ ಇದೆ. ಗೋಡೆಯ ಬುಡದಲ್ಲಿ ಒಂದು ತೂತಿದೆ. ಮುಷ್ಟಿ ಹೋಗುವಷ್ಟು. ಗಟಗಟ ಅನ್ನುತ್ತಾ ಎಲ್ಲವನ್ನೂ ಕುಡಿದುಬಿಡುತ್ತದೆ.

ಆ ತೂತು ನಾನು ಕೊರೆದದ್ದಲ್ಲ. ಗ್ಯಾರೇಜು ಕಟ್ಟಿದಾಗಲೇ ಬಿಟ್ಟದ್ದು.

ತೂತಿನ ಆಚೆ ಮೋರಿ. ಮೋರಿ ಇಳಿದು ನಮ್ಮ ಬೀದಿಗೆ ಹೋಗುತ್ತದೆ. ಬೀದಿಯ ಕೊನೆಯಲ್ಲಿ ಕೈಪಂಪು, ಮೋರಿ ನೀರು ಇಂಗುವುದು ಅದರ ಬುಡದಲ್ಲೇ. ಪಂಪಿನ ಎದುರು ನಮ್ಮ ಮನೆ. ಹಗಲು ನಾನು ಇಲ್ಲಿಂದ ಏನು ನೂಕುತ್ತೇನೋ, ಅದು ನನಗಿಂತ ಮುಂಚೆ ಮನೆ ಸೇರಿರುತ್ತದೆ.

ನಾನು ನೆಲದ ಜೊತೆಗೆ ಪಾರ್ಟ್ಸು ತೊಳೆಯುವವಳೂ ಹೌದು. ಹಿಂದಿನ ಗೋಡೆಗೆ ಒತ್ತಿ ನನ್ನದೊಂದು ತಗಡಿನ ತೊಟ್ಟಿ ಇದೆ. ತೂತು ಅದರ ಹಿಂದೆ. ತೊಟ್ಟಿಯ ತುಂಬ ಸೀಮೆಎಣ್ಣೆ. ಬೇರಿಂಗು, ಪಿಸ್ಟನ್ನು, ಜಿಡ್ಡು ಹಿಡಿದ ನಟ್ಟು ಬೋಲ್ಟು, ಎಲ್ಲ ತಂದು ಅದರಲ್ಲಿ ಎಸೆಯುತ್ತಾರೆ. ಮೊಣಕೈವರೆಗೆ ಇಳಿಸಿ ಹುಡುಕಿ ಉಜ್ಜುತ್ತೇನೆ. ಬೆರಳ ಸಂದಿಯ ಚರ್ಮ ಬಿರಿದು ಒಳಗೆ ಕೆಂಪು, ಅಂಚಿಗೆ ಕಪ್ಪು. ಉಗುರು ಎಲ್ಲಿ ಮುಗಿಯುತ್ತದೆ, ಕೊಳೆ ಎಲ್ಲಿ ಶುರುವಾಗುತ್ತದೆ, ನನಗೇ ಗೊತ್ತಾಗುವುದಿಲ್ಲ. ಆಫೀಸು ರೂಮಿನಲ್ಲಿ ಬಿಳೀ ಬೇಸಿನ್ ಇದೆ. ಸೋಪಿದೆ, ಟವಲಿದೆ. ಒಂದು ಸಲ ಹೋಗಿ ನಲ್ಲಿಗೆ ಕೈ ಹಚ್ಚಿದೆ.

"ಏಯ್! ಏಯ್! ಎಲ್ಲಿಗೆ ಬಂದೆ?" ಯಜಮಾನರು ಕುರ್ಚಿಯಿಂದ ಎದ್ದೇಬಿಟ್ಟರು. "ಗಲೀಜು ಮಾಡ್ಬೇಡಮ್ಮ ತಾಯಿ. ಕಸ್ಟಮರ್ಸ್ ಬರೋ ಜಾಗ. ನಿಂಗೆ ಹಿಂದ್ಗಡೆ ನಲ್ಲಿ ಇಲ್ವಾ?"

ಹಿಂದುಗಡೆ ನಲ್ಲಿಯಲ್ಲಿ ನೀರು ಬರುವುದಿಲ್ಲ. ಅದು ಅವರಿಗೆ ಗೊತ್ತು. ಅವರ ಕೊಳೆ ಮುಟ್ಟಿ ಮುಟ್ಟಿ ನಾನು ಗಲೀಜಾದೆ. ಗಲೀಜಾದವರು ಯಾರು ಅಂದರೆ ಎಲ್ಲರೂ ನನ್ನ ಕಡೆಗೇ ಬೆರಳು ತೋರಿಸುತ್ತಾರೆ.

ಹೀಗಿರುವಾಗ ಟ್ರೈನಿಂಗ್ ಮೇಡಂ ಬಂದರು.

ಊರಿನ ಗ್ಯಾರೇಜುಗಳಿಗೆಲ್ಲ ಪಾಠ ಹೇಳುವುದು ಅವರ ಕೆಲಸವಂತೆ. ಕೊಳೆ ಹೊರಗೆ ಬಿಡದ ಗ್ಯಾರೇಜಿಗೆ ಆಫೀಸರು ಬಂದು ನೋಡಿ ಒಂದು ಹಸಿರು ಬೋರ್ಡು ಕೊಡುತ್ತಾರಂತೆ. ಬೋರ್ಡು ಇದ್ದರೆ ಕಂಪನಿಗಳ ಗಾಡಿ, ಸರ್ಕಾರಿ ಗಾಡಿ, ಎಲ್ಲ ರಿಪೇರಿಗೆ ನಮ್ಮಲ್ಲಿಗೇ. ಯಜಮಾನರು ಅವತ್ತು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಎಲ್ಲರಿಗೂ ಕುರ್ಚಿ. ನನ್ನ ಕುರ್ಚಿಯ ಮೇಲೆ ಮಾತ್ರ ಹಳೇ ಪೇಪರು ಹಾಸಿದ್ದರು. ನಾನು ಕೂರಲಿಲ್ಲ. ಪೊರಕೆ ಹಿಡಿದು ಗೋಡೆಗೆ ಒರಗಿದೆ.

ಮೇಡಂ ಒಳ್ಳೆಯವರೇ. ದನಿ ಮೆತ್ತಗಿತ್ತು.

"ಚೆಲ್ಲಿದ್ದನ್ನ ತೊಳೆಯೋದಲ್ಲ, ಚೆಲ್ಲದ ಹಾಗೆ ನೋಡ್ಕೊಳ್ಳೋದು. ಅದೇ ನಿಜವಾದ ಶುಚಿ" ಅಂದರು. "ಪ್ರತಿ ಗಾಡಿ ಕೆಳಗೆ ಒಂದು ಟ್ರೇ ಇಡಿ. ಹನಿ ಬಿದ್ರೆ ಮರದ ಪುಡಿ ಹಾಕಿ ಒಣಗಿಸಿ ಗುಡಿಸಿ. ನೀರು ಬಿಡ್ಲೇಬೇಡಿ. ನೀರು ಬಿಟ್ರೆ ಕೊಳೆ ಹೋಗಲ್ಲ, ಬೇರೆಯವರ ಮನೆಗೆ ಹೋಗುತ್ತೆ ಅಷ್ಟೆ. ಇದು ಒಂದು ದಿನದ ಕೆಲ್ಸ ಅಲ್ಲ, ಇದೊಂದು ಕಲ್ಚರ್. ಎಲ್ರ ಅಭ್ಯಾಸ ಆಗ್ಬೇಕು."

ಬೇರೆಯವರ ಮನೆ. ಯಾರೋ ನನ್ನ ಬೀದಿಯನ್ನು ನೋಡಿಬಂದು ಹೇಳಿದ ಹಾಗಿತ್ತು.

"ಕಲ್ಚರ್! ಕರೆಕ್ಟಾಗಿ ಹೇಳಿದ್ರಿ ಮೇಡಂ" ಎಂದು ಯಜಮಾನರು ಜೋರಾಗಿ ಚಪ್ಪಾಳೆ ಹೊಡೆದರು. ಹೆಡ್ ಮೆಕ್ಯಾನಿಕ್ಕನೂ ಹೊಡೆದ. ಅವನನ್ನು ನಾವೆಲ್ಲ ಸ್ಪ್ಯಾನರ್ ಅನ್ನುತ್ತೇವೆ. ಕಿವಿಯ ಹಿಂದೆ ಪೆನ್ಸಿಲ್ ಸಿಕ್ಕಿಸಿದ ಹಾಗೆ ಸಣ್ಣ ಸ್ಪ್ಯಾನರ್ ಸಿಕ್ಕಿಸಿಕೊಂಡು ಓಡಾಡುವ ಆಸಾಮಿ.

ಮೇಡಂ ಹೊಸ ಟ್ರೇಗಳನ್ನು ಕೊಟ್ಟರು. ಮರದ ಪುಡಿಯ ಮೂಟೆ ಕೊಟ್ಟರು. ನನ್ನ ಕೈಗೆ ಗ್ಲೌಸು ಹಾಕಿಸಿ ಫೋಟೋ ತೆಗೆಸಿದರು. ಮೊಣಕೈವರೆಗೆ ಬರುವ ಹಳದಿ ಗ್ಲೌಸು. ಒಳಗೆ ಒಣಗಿತ್ತು, ಬೆಚ್ಚಗಿತ್ತು. ಹಾಕಿಕೊಂಡು ಬೆರಳಾಡಿಸಿದೆ. ಇನ್ನು ಮೇಲೆ ಕೈಯಲ್ಲಿ ಊಟ ಮಾಡಬಹುದು ಅಂದುಕೊಂಡೆ.

ಮೇಡಂ ಗಾಡಿ ತಿರುವು ದಾಟಿತ್ತೋ ಇಲ್ಲವೋ, ಯಜಮಾನರು ಕೈ ಚಾಚಿದರು.

"ಬಿಚ್ಚಮ್ಮ, ಬಿಚ್ಚು. ಇನ್ಸ್‌ಪೆಕ್ಷನ್ ದಿನ ಹೊಸದಾಗೇ ಕಾಣ್ಬೇಕು."

ಗ್ಲೌಸು ಬೀರುವಿಗೆ ಹೋಯಿತು. ಟ್ರೇಗಳಿಗೆ ಇನ್ನೂ ಚೆನ್ನಾದ ಗತಿ ಬಂತು. ಹಿಂದಿನ ಗೋಡೆಗೆ ಮೊಳೆ ಹೊಡೆದು ಸಾಲಾಗಿ ನೇತುಹಾಕಿದರು. ಮೇಲೆ ಒಂದು ಬ್ಯಾನರು: ಒಂದು ಹನಿಯೂ ಹೊರಗೆ ಹೋಗದಿರಲಿ. ಒಬ್ಬ ಮೆಕ್ಯಾನಿಕ್ಕು ಪಾಪ, ಪಾಠ ಕೇಳಿದ್ದು ನೆನಪಿಟ್ಟುಕೊಂಡು ಒಂದು ಟ್ರೇ ತೆಗೆದು ಗಾಡಿಯ ಕೆಳಗೆ ಇಟ್ಟ. ಯಜಮಾನರು ಕಿರುಚಿದ್ದು ರಸ್ತೆಗೆ ಕೇಳಿಸಿತು.

"ಯಾವನೋ ಅವ್ನು ಟ್ರೇಗೆ ಎಣ್ಣೆ ಬೀಳಿಸಿದ್ದು? ತಲೆ ಇದ್ಯೇನೋ? ನಾಳೆ ನೋಡೋರು ಏನಂತಾರೆ, ಟ್ರೇ ಗಲೀಜಾಗಿದೆ ಅನ್ನಲ್ವಾ?"

ಎಣ್ಣೆ ಹಿಡಿಯುವ ಟ್ರೇಗೆ ಎಣ್ಣೆ ಸೋಕಬಾರದು! ಅವನು ಅದನ್ನು ತಂದು ನನ್ನ ತೊಟ್ಟಿಗೆ ಹಾಕಿದ. ಸೀಮೆಎಣ್ಣೆಯಲ್ಲಿ ತೊಳೆದು ಹೊಳೆಯುವ ಹಾಗೆ ಒರೆಸಿ ಮೊಳೆಗೆ ಹಾಕಿದೆ. ಅಂದಿನಿಂದ ದಿನಾ ಟ್ರೇಗಳ ಧೂಳು ಒರೆಸುವುದೂ ನನ್ನ ಕೆಲಸಕ್ಕೆ ಸೇರಿತು. ನೆಲವಂತೂ ಇನ್ನೂ ಬೆಳ್ಳಗಾಗಬೇಕು. ಇನ್ನಷ್ಟು ಸೀಮೆಎಣ್ಣೆ, ಇನ್ನಷ್ಟು ಸೋಪು, ಇನ್ನಷ್ಟು ನೀರು. ಪಾಠ ಆದ ಮೇಲೆ ಆ ತೂತು ಮೊದಲಿಗಿಂತ ಹೆಚ್ಚು ಕುಡಿಯಿತು.

"ಅಕ್ಕಾ, ಈ ನೆಲಕ್ಕೆ ಇಷ್ಟು ಸಿಂಗಾರ ಮಾಡ್ತೀಯಲ್ಲ, ಗಂಡು ನೋಡೋಕೆ ಬರ್ತಾರಾ?" ಎಂದು ಸ್ಪ್ಯಾನರ್ ನಗುತ್ತಿದ್ದ. ನಗುತ್ತಲೇ ಇನ್ನೊಂದು ಎಂಜಿನ್ನಿನ ಬಿರಡೆ ಬಿಚ್ಚುತ್ತಿದ್ದ.

ಮನೆಯಲ್ಲಿ ಇರುವುದು ಮೂರು ಜೀವ. ನಾನು, ಅತ್ತೆ, ಮಗಳು. ಗಂಡ ಹೋದ ಮೇಲೆ ಅತ್ತೆಯೇ ಮಗಳನ್ನು ನೋಡಿಕೊಳ್ಳುವವರು. ಪಂಪಿನ ನೀರಲ್ಲೇ ಸ್ನಾನ, ಅದರಲ್ಲೇ ಪಾತ್ರೆ, ಕಾಯಿಸಿ ಸೋಸಿ ಅದನ್ನೇ ಕುಡಿಯುವುದು. ಮಗಳಿಗೆ ಮೊದಲು ಪಾದದ ಮೇಲೆ ಕಜ್ಜಿ ಎದ್ದಿತು. ಆಮೇಲೆ ಮೊಣಕಾಲಿನವರೆಗೆ ಏರಿತು. ಕೆರೆದುಕೊಂಡು ಕೆರೆದುಕೊಂಡು ರಸಿಗೆ. ರಸಿಗೆಗೆ ಲಂಗ ಅಂಟಿಕೊಂಡು ಬಿಡಿಸುವಾಗ ಚರ್ಮವೂ ಕಿತ್ತು ಬರುತ್ತಿತ್ತು. ಹಲ್ಲು ಕಚ್ಚಿಕೊಂಡು ಕೂರುತ್ತಿದ್ದಳು, ಅಳುತ್ತಿರಲಿಲ್ಲ. ಸ್ಕೂಲಲ್ಲಿ ಪಕ್ಕದಲ್ಲಿ ಕೂರುತ್ತಿದ್ದ ಹುಡುಗಿ ಬೆಂಚು ಬದಲಾಯಿಸಿದಳಂತೆ. ಡಾಕ್ಟರಿಗೆ ತೋರಿಸಿದೆ.

"ನೀರು ಬದಲಾಯಿಸಿ" ಅಂದರು.

ನೀರೇನು ರವಿಕೆಯೇ, ಬಿಚ್ಚಿ ಇನ್ನೊಂದು ತೊಡುವುದಕ್ಕೆ?

ಒಂದು ಸಂಜೆ ಪಂಪಿನ ಹತ್ತಿರ ಕೊಡ ಇಟ್ಟಿದ್ದೆ. ಪಕ್ಕದ ಮನೆಯ ಅಕ್ಕ ತನ್ನ ಕೊಡ ತಂದು ನನ್ನ ಮೂಗಿನ ಕೆಳಗೆ ಹಿಡಿದಳು. ನೀರ ಮೇಲೆ ನವಿಲುಗರಿಯ ಬಣ್ಣದ ಪೊರೆ ಆಡುತ್ತಿತ್ತು.

"ಮೂಸಿ ನೋಡೇ. ನಿನ್ ಗ್ಯಾರೇಜು ನನ್ ಕೊಡದೊಳಗೆ ಬಂದಿದೆ. ಬಾಡಿಗೆ ಕೇಳ್ಲಾ ಅದಕ್ಕೆ?"

"ನಾನೇನ್ ಮಾಡ್ಲಿ ಅಕ್ಕಾ?"

"ನೂಕೋಳು ನೀನೇ ಅಲ್ವೇನೇ? ಅಲ್ಲಿ ನೂಕಿ, ಇಲ್ಲಿ ಬಂದು ನಮ್ ಜೊತೆ ಸಾಲಲ್ಲಿ ನಿಂತ್ಕೋತೀಯಲ್ಲ. ನಾಚ್ಕೆ ಆಗಲ್ವಾ?"

ಹಿಂದೆ ನಿಂತವರು ಯಾರೂ ನನ್ನ ಪರ ಮಾತಾಡಲಿಲ್ಲ. ಯಾಕೆ ಮಾತಾಡಬೇಕು? ಅತ್ತೆ ಒಬ್ಬರೇ ಬಾಗಿಲಲ್ಲಿ ನಿಂತು ಕೂಗಿದರು: "ಅವಳ್ನ ಯಾಕೆ ಬೈತೀರೇ? ಅವಳ ಮಗಳೂ ಇದೇ ನೀರಲ್ಲಿ ಕೊಳೀತಿದಾಳೆ!" ನನಗೆ ಅದು ಬೈಗುಳಕ್ಕಿಂತ ಜೋರಾಗಿ ತಗುಲಿತು.

ಮಾರನೆಯ ದಿನ ಯಜಮಾನರ ಮುಂದೆ ನಿಂತೆ. ಆಫೀಸಿನ ಹೊಸ್ತಿಲಾಚೆ. ಒಳಗೆ ಮಲ್ಲಿಗೆ ವಾಸನೆಯ ಸ್ಪ್ರೇ ಹೊಡೆದಿದ್ದರು.

"ಸಾರ್, ಆ ಮರದ ಪುಡಿ ಕೊಡಿ. ಮೇಡಂ ಹೇಳಿದ ಹಾಗೆ ಒಣಗಿಸಿ ಗುಡಿಸ್ತೀನಿ. ನೀರು ಬಿಡಲ್ಲ. ಮೋರೀಲಿ ಹೋಗಿದ್ದೆಲ್ಲ ನಮ್ ಪಂಪಿಗೆ ಬರ್ತಿದೆ. ಮಗಳ ಕಾಲು..."

"ನಮ್ದೇ ಅಂತ ಹೇಗೆ ಹೇಳ್ತೀಯ? ಮೋರೀಲಿ ಹೆಸ್ರು ಬರ್ಕೊಂಡು ಹೋಗುತ್ತಾ ಎಣ್ಣೆ?" ಅಂದರು. ಅಂದು ನಕ್ಕರು. "ಒಣಗಿಸಿ ಗುಡಿಸಿದ ಕೊಳೆ ಎಲ್ಲಿಡ್ಲಿ? ನನ್ ತಲೆ ಮೇಲಾ? ನೋಡಮ್ಮ, ನಿಂಗೆ ಕಷ್ಟ ಆದ್ರೆ ಹೇಳು. ನಾಳೆ ಬೆಳಿಗ್ಗೆ ನಿನ್ ಬೀದಿಯಿಂದಾನೇ ಇನ್ನೊಬ್ಬಳು ಬರ್ತಾಳೆ."

ಅದು ಸುಳ್ಳಲ್ಲ. ಬರುತ್ತಾಳೆ. ಬಂದವಳ ಮನೆಯಲ್ಲೂ ಮಕ್ಕಳಿರುತ್ತವೆ.

ಇನ್ಸ್‌ಪೆಕ್ಷನ್ ದಿನ ಬಂತು. ಹಿಂದಿನ ಗೋಡೆಯ ಮುಂದೆ, ಬ್ಯಾನರಿನ ಕೆಳಗೆ, ಮೇಜು ಹಾಕಿ ಬಿಳೀ ಬಟ್ಟೆ ಹೊದಿಸಿದ್ದರು. ಸಾಲು ಕುರ್ಚಿ. ಮೇಲೆ ಟ್ರೇಗಳು ಕನ್ನಡಿಯ ಹಾಗೆ ಹೊಳೆಯುತ್ತಿದ್ದವು. ನನ್ನ ತೊಟ್ಟಿಯನ್ನು ಖಾಲಿ ಮಾಡಿಸಿ ಮಾಳಿಗೆಗೆ ಸಾಗಿಸಿದ್ದರು. ತೂತಿಗೆ ಅಡ್ಡವಾಗಿ ಒಂದು ಹೂಕುಂಡ ಇಟ್ಟಿದ್ದರು.

ಉಳಿದದ್ದು ಡ್ರಮ್ಮು. ಒಳ್ಳೆಯ ಸುಟ್ಟೆಣ್ಣೆಯನ್ನು ಕೊಳ್ಳುವವರು ಬಂದು ಒಯ್ಯುತ್ತಾರೆ. ಯಾರಿಗೂ ಬೇಡದ್ದು ಇನ್ನೊಂದು ಡ್ರಮ್ಮಿನಲ್ಲಿ ನಿಂತಿರುತ್ತದೆ. ಮಡ್ಡಿ, ಬ್ರೇಕಿನ ಎಣ್ಣೆ, ಹಸಿರು ನೀರು, ನನ್ನ ತೊಟ್ಟಿಯ ಕೊಚ್ಚೆ. ಮುಚ್ಚಳ ತೆಗೆದರೆ ಸತ್ತದ್ದು ಏನೋ ಬಿಸಿಲಲ್ಲಿ ಬಿದ್ದ ವಾಸನೆ. ಗ್ಯಾರೇಜಿನ ಮುಂದಿನ ಮೂಲೆಯಲ್ಲಿ ಅದು ತುಂಬಿ ತುಳುಕುತ್ತಿತ್ತು.

"ಆಫೀಸರು ಹೊರಟಿದಾರಂತೆ. ಬೇಗ ಆ ಡ್ರಮ್ ಮಗುಚಿ ನೆಲಕ್ಕೆ ಒಂದ್ಸಲ ಪೈಪ್ ಬಿಡು" ಅಂದರು ಯಜಮಾನರು.

ನಾನು ಡ್ರಮ್ಮನ್ನು ನೋಡಿದೆ. ಅಷ್ಟು ಒಂದೇ ಸಲಕ್ಕೆ ಯಾವತ್ತೂ ಬಿಟ್ಟಿರಲಿಲ್ಲ. ಮಗಳು ಅವತ್ತು ಸ್ಕೂಲಿಗೆ ಹೋಗಿರಲಿಲ್ಲ. ಈ ಹೊತ್ತಿಗೆ ಅತ್ತೆ ಅವಳನ್ನು ಪಂಪಿನ ಕಟ್ಟೆಯ ಮೇಲೆ ಕೂರಿಸಿ ಕಾಲು ತೊಳೆಯುತ್ತಿರುತ್ತಾರೆ.

"ನಾನು ಮಗುಚಲ್ಲ."

"ಏನು?"

"ಮಗುಚಲ್ಲ ಸಾರ್."

"ಅದು ನಿನ್ ಕೆಲ್ಸ ಕಣೇ!"

"ತೊಳೆಯೋದು ನನ್ ಕೆಲ್ಸ. ನನ್ ಮನೆಗೆ ಸುರ್ಕೊಳ್ಳೋದು ಅಲ್ಲ."

ಅವರಿಗೆ ನನ್ನ ಮೇಲೆ ಕೂಗಾಡಲೂ ಹೊತ್ತಿರಲಿಲ್ಲ. "ಆಮೇಲೆ ಇದೆ ನಿಂಗೆ. ಲೋ ಸ್ಪ್ಯಾನರ್, ನೀನ್ ಮಾಡೋ!" ಎಂದು ಗೇಟಿನ ಕಡೆ ಓಡಿದರು. ಸ್ಪ್ಯಾನರ್ ಮುಖ ಸಿಂಡರಿಸಿದ. ಇಷ್ಟು ವರ್ಷ ಅವನು ಆ ಡ್ರಮ್ಮು ಮುಟ್ಟಿದವನಲ್ಲ. ಮೂಗಿಗೆ ಕರ್ಚೀಫು ಕಟ್ಟಿಕೊಳ್ಳತೊಡಗಿದ.

ನಾನು ಹಿಂದಿನ ಗೋಡೆಗೆ ನಡೆದೆ. ಹೂಕುಂಡ ಸರಿಸಿದೆ. ದಾರಿಯಲ್ಲಿ ಎತ್ತಿಕೊಂಡಿದ್ದ ಒರೆಸುವ ಬಟ್ಟೆಗಳನ್ನು ತೂತಿನೊಳಗೆ ತುರುಕಿದೆ. ಹಿಮ್ಮಡಿಯಿಂದ ಒದ್ದು ಒದ್ದು ಒಳಗೆ ನೂಕಿದೆ. ತೋರಿಕೆಗೆಂದು ಪಕ್ಕದಲ್ಲಿ ಇಟ್ಟಿದ್ದ ಮರದ ಪುಡಿಯ ಮೂಟೆ ಎಳೆದು ತಂದು ಅದಕ್ಕೆ ಒತ್ತಿದೆ. ಆಮೇಲೆ ಮೂಟೆಗೆ ಬೆನ್ನು ಕೊಟ್ಟು, ಕಾಲು ಚಾಚಿ ನೆಲದ ಮೇಲೆ ಕೂತೆ. ಅವರು ಊಟ ಮಾಡಬಹುದು ಅನ್ನುವ ಆ ನೆಲದ ಮೇಲೆ ನಾನು ಕೂತದ್ದು ಅದೇ ಮೊದಲು.

ಮುಂದುಗಡೆ ಡ್ರಮ್ಮು ದೊಪ್ಪನೆ ಮಗುಚಿತು. ಪೈಪಿನ ನೀರು ಭರ್ರೆಂದಿತು. ಸ್ಪ್ಯಾನರ್ ಈ ಕಡೆ ನೋಡಲೂ ಇಲ್ಲ. ಯಾವತ್ತೂ ಹೋಗುವ ದಾರಿಯಲ್ಲಿ ಹೋಗುತ್ತದೆ ಎಂದು ಅವನ ಲೆಕ್ಕ. ಕರೀ ನೀರು ನಾಲಗೆ ಚಾಚಿಕೊಂಡು ಇಳಿಜಾರಿನಲ್ಲಿ ನನ್ನ ಕಡೆಗೆ ಬಂತು. ಮೊದಲು ಹಿಮ್ಮಡಿಗೆ ತಗುಲಿತು. ಆಮೇಲೆ ತೊಡೆಗೆ. ಹಿಮ್ಮಡಿಯ ಬಿರುಕಿಗೆ ಸೀಮೆಎಣ್ಣೆ ಸೋಕಿ ಬೆಂಕಿ ಇಟ್ಟ ಹಾಗಾಯಿತು. ತೂತು ಸಿಗದೆ ನೀರು ಸುತ್ತಿತು, ನಿಂತಿತು, ಅಗಲವಾಯಿತು. ಮೇಜಿನ ಕಾಲು ನೆನೆಯಿತು. ಬಿಳೀ ಬಟ್ಟೆಯ ಅಂಚು ಅದನ್ನು ಹೀರಿಕೊಂಡು ಮೇಲಕ್ಕೆ ಕಪ್ಪಾಗುತ್ತ ಹೋಯಿತು.

ಆಗಲೇ ಅವರು ಒಳಗೆ ಬಂದರು. ಮುಂದೆ ಬಿಳೀ ಶೂ ತೊಟ್ಟ ಆಫೀಸರು, ಪಕ್ಕದಲ್ಲಿ ಯಜಮಾನರು, ಹಿಂದೆ ಟ್ರೈನಿಂಗ್ ಮೇಡಂ. ಯಜಮಾನರು ಗೋಡೆಯ ಮೇಲಿನ ಟ್ರೇಗಳಿಗೆ ಕೈ ತೋರಿಸುತ್ತ, "ಇದು ನಮ್ ಕಲ್ಚರ್ ಸಾರ್" ಅನ್ನುತ್ತ ಬಂದರು. ತಲೆ ಎತ್ತಿಯೇ ನಡೆದರು ಎಲ್ಲರೂ. ಶೂ ಮುಳುಗಿದ ಮೇಲೆ ಕೆಳಗೆ ನೋಡಿದರು.

"ಥೂ! ಥೂ! ಏನ್ರೀ ಇದು?" ಆಫೀಸರು ಒಂದು ಕಾಲು ಎತ್ತಿದರು. ಇನ್ನೊಂದನ್ನು ಎಲ್ಲಿಡುವುದು ಗೊತ್ತಾಗಲಿಲ್ಲ. ಕುರ್ಚಿ ಹತ್ತಿದರು. ಮೇಡಂ ಸೆರಗಿನಿಂದ ಮೂಗು ಮುಚ್ಚಿಕೊಂಡರು.

ಯಜಮಾನರು ನನ್ನನ್ನು ನೋಡಿದರು. ಮೂಟೆ ನೋಡಿದರು. ಅರ್ಥವಾಯಿತು.

"ಏಳೇ ಮೇಲೆ! ತೆಗಿ ಅದನ್ನ!"

"ತೆಗೆಯಲ್ಲ."

"ಏನಮ್ಮ ನೀನು," ಆಫೀಸರು ಕುರ್ಚಿಯ ಮೇಲಿಂದಲೇ ಅಂದರು, "ಮೊದ್ಲು ಈ ಗಲೀಜು ಹೊರಗೆ ಬಿಡು. ವಿಚಾರ ಏನಿದ್ರೂ ಆಮೇಲೆ ಮಾತಾಡೋಣ."

"ಎಲ್ಲಿಗೆ ಬಿಡ್ಲಿ ಸಾರ್?"

"ಎಲ್ಲಿಗಾದ್ರೂ ಬಿಡಮ್ಮ! ಎಲ್ಲಿಗಾದ್ರೂ!"

ಅವರ ತಲೆಯ ಮೇಲೆಯೇ ಬ್ಯಾನರು ತೂಗುತ್ತಿತ್ತು. ನಾನು ಮೇಡಂ ಮುಖ ನೋಡಿದೆ. ಬೇರೆಯವರ ಮನೆಗೆ ಹೋಗುತ್ತೆ ಅಂದವರು ಅವರೇ. ಈಗಲಾದರೂ ಒಂದು ಮಾತು ಹೇಳುತ್ತಾರೆ ಅಂದುಕೊಂಡೆ. ಅವರು ಸೆರಗಿನ ಒಳಗಿಂದ ಮೆತ್ತಗೆ, "ಇವತ್ತೊಂದು ದಿನ ಬಿಟ್ಬಿಡಮ್ಮ, ಪ್ಲೀಸ್" ಅಂದರು.

ನನಗೆ ಹೇಸಿಗೆ ಬಂತು. ನನ್ನ ಸುತ್ತ ಇದ್ದ ಕೊಚ್ಚೆಗೆ ಬಂದದ್ದಲ್ಲ ಅದು. ಕೊಚ್ಚೆ ನನಗೆ ಅಭ್ಯಾಸ.

"ನೀವು ಎಲ್ಲಿಗಾದ್ರೂ ಅಂತೀರಲ್ಲ ಸಾರ್," ಅಂದೆ, "ಅಲ್ಲೇ ನನ್ ಮನೆ ಇರೋದು. ಈ ಗೋಡೆ ಆ ಕಡೆ ನನ್ ಮಗಳಿದಾಳೆ. ನೀವು ಚೆಲ್ಲಿದ್ದು. ನಿಮ್ ಹತ್ರಾನೇ ಇರ್ಲಿ."

"ಎಳೆದು ಹಾಕ್ರೋ ಇವಳನ್ನ!" ಯಜಮಾನರು ಕಿರುಚಿದರು.

ಮೆಕ್ಯಾನಿಕ್ಕುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸ್ಪ್ಯಾನರ್ ಎರಡು ಹೆಜ್ಜೆ ಬಂದ. ನನ್ನ ಪಕ್ಕ ತೇಲುತ್ತಿದ್ದ ಸಿಗರೇಟಿನ ತುಂಡು ನೋಡಿದ, ನನ್ನ ಬಟ್ಟೆಯಿಂದ ಇಳಿಯುತ್ತಿದ್ದ ಮಡ್ಡಿ ನೋಡಿದ. ಪೈಪು ಕೆಳಗಿಟ್ಟು ಹೋಗಿ ನಲ್ಲಿ ಬಂದ್ ಮಾಡಿದ.

"ನಾನ್ ಮುಟ್ಟಲ್ಲ ಸಾರ್" ಅಂದ.

ಮರ್ಯಾದೆಯಿಂದ ಅಂದನೋ ಹೇಸಿಗೆಯಿಂದ ಅಂದನೋ ನನಗೆ ಗೊತ್ತಿಲ್ಲ. ಯಾವುದಾದರೂ ನನಗೆ ಸರಿಯೇ. ಯಜಮಾನರು ತಾವೇ ಪ್ಯಾಂಟು ಮಡಚಿಕೊಂಡು ನನ್ನ ಮುಂದೆ ಬಂದು ಬಗ್ಗಿದರು. ಮುಖದ ಮೇಲೆ ಬೆವರು ಸುರಿಯುತ್ತಿತ್ತು. ನನ್ನ ತೋಳಿನವರೆಗೆ ಅವರ ಕೈ ಬಂತು. ಬೆರಳಲ್ಲಿ ಉಂಗುರ ಹೊಳೆಯುತ್ತಿತ್ತು. ಕೈ ಅಲ್ಲೇ ನಿಂತಿತು.

ನನ್ನನ್ನು ಏಳಿಸಬೇಕಾದರೆ ಅವರು ಆ ಕೊಚ್ಚೆಯೊಳಗೆ ಕೈ ಹಾಕಬೇಕಿತ್ತು.

ಹಾಕಲಿಲ್ಲ. ನಾನು ಮೂಟೆಗೆ ಇನ್ನಷ್ಟು ಒರಗಿದೆ.